ಎರಡೂ ಕೈ ಮುಗಿದ ಖರ್ಚು

ಕುಬಟೂರು, ಸೊರಬ ತಾಲ್ಲೂಕು

ಅಕ್ಕನಿಗೆ,

ಒಂದು ನಮಸ್ಕಾರಕ್ಕೆ ನಲವತ್ತೆರಡು ಸಾವಿರ, ಆಮೇಲೆ ಎಲ್ಲರಿಗೂ ಮಂಡಕ್ಕಿ, ಚಹಾ ಅಂತ ನೂರೆಂಬತ್ತು, ಈ ಕಾರ್ಡಿಗೆ ಐವತ್ತು ಪೈಸೆ. ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ಬೈಯಲು ಶುರು ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಗಂಗಾಶ್ರೀಯೂ ಹುಡುಗನೂ ಇಲ್ಲಿನ ಹಳೇ ದೇವಸ್ಥಾನದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಫೋಟೊಗ್ರಾಫರ್ ಮುಜಾಹಿದ್ ತನ್ನ ದೊಡ್ಡ ಲೆನ್ಸನ್ನು ಹಿಡಿದುಕೊಳ್ಳಲು ನನ್ನ ಕೈಗೆ ಕೊಟ್ಟಿದ್ದ. ಅಷ್ಟರಲ್ಲಿ ಹುಡುಗನ ಅಜ್ಜ ಗಂಗಾಧರಪ್ಪನವರು ಬಂದರು. ನಾವು ಮರ್ಯಾದೆ ಕೊಡಲಿಲ್ಲವೆಂದು ಮುನಿದು ಎರಡು ತಿಂಗಳಿಂದ ಮದುವೆಯ ದಿನಕ್ಕೆ ಒಪ್ಪದಿದ್ದವರು. ನಾನು ಗಡಬಡಿಸಿ ಎದ್ದು ಎರಡೂ ಕೈ ಮುಗಿದೆ. ಲೆನ್ಸು ಕಲ್ಲುಮೆಟ್ಟಿಲಿಗೆ ಬಿದ್ದು ಚೂರಾಯಿತು.

“ಸಲಾಂ ಮಾಡಿದ್ರೆ ಒಂದೇ ಕೈ ಸಾಕಿತ್ತಲ್ರೀ ಸಾವ್ಕಾರ್ರೆ,” ಎಂದ ಮುಜಾಹಿದ್.

ಅಜ್ಜ ಚೂರುಗಳ ಬೆಲೆ ಕೇಳಿದರು. “ನಮಸ್ಕಾರಕ್ಕೆ ಇಷ್ಟು ಖರ್ಚು ಮಾಡಿದೋರನ್ನ ನಾನು ನೋಡಿಲ್ಲ ಕಣ್ರೀ,” ಎಂದು ನಕ್ಕು, ಶಿವರಾತ್ರಿ ಕಳೆದ ಎರಡನೇ ಸೋಮವಾರಕ್ಕೆ ಮದುವೆ ಎಂದುಬಿಟ್ಟರು.

ನೀನು ಕೇಳುತ್ತಿದ್ದ ನನ್ನ ಮೊಣಕಾಲು ನೋವು ಈಗ ಪರವಾಗಿಲ್ಲ. ಶಿಕಾರಿಪುರದ ಬಸ್ಸು ಬಂತು, ಮುಗಿಸುತ್ತೇನೆ.

ನಿನ್ನ ತಮ್ಮ,
ಮಲ್ಲಿಕಾರ್ಜುನ

ಅಜ್ಜನಿಗೆ ಮರ್ಯಾದೆ, ಮುಜಾಹಿದನಿಗೆ ಹೊಸ ಲೆನ್ಸು, ನಿನಗೆ ಅಳಿಯ, ನನಗೆ ಒಡೆದ ಲೆನ್ಸು.