ನಾಲ್ಕೂವರೆ ನಕ್ಷತ್ರದ ಬಾವುಟ

ಮಹಾಜನರೇ! ಬಂದರು ಬೀದಿಯ ಚಹಾದಂಗಡಿಯಲ್ಲಿ ಕಾಲು ಚಾಚಿ ಕೂತವರೇ, ಆಳುದ್ದದ ಮೀನನ್ನು ಹೆಗಲಿಗೇರಿಸಿ ಹೊರಟವರೇ, ಒಂಟೆಹಾಲಿನ ಡಬ್ಬಿಗಳ ಹಿಂದೆ ಕೂತ ತಾಯಂದಿರೇ, ಒಂದು ಗಳಿಗೆ ನಿಲ್ಲಿ! ಈ ಪತ್ರ ನಮ್ಮ ಹೊಸ ರಾಜ್ಯದ ಧ್ವಜ ಸಮಿತಿಯ ಅಧ್ಯಕ್ಷರಿಗೆ. ಆದರೆ ಅವರ ಕಚೇರಿಗೆ ನಾನು ಕೊಟ್ಟ ಮೂರು ಅರ್ಜಿಗಳು ಅಲ್ಲಿನ ಕುಂಟು ಮೇಜಿನ ಕಾಲಡಿಗೆ ಮಡಿಕೆಯಾಗಿ ಸೇರಿರುವುದನ್ನು ಕಣ್ಣಾರೆ ಕಂಡೆ. ಹಾಗಾಗಿ ನಾಲ್ಕನೆಯದನ್ನು ಗೋಡೆಗೆ ಅಂಟಿಸಿದ್ದೇನೆ. ಓದು ಬಂದವರು ಬಾರದವರಿಗಾಗಿ ಗಟ್ಟಿಯಾಗಿ ಓದಿ.

ಮಾನ್ಯ ಅಧ್ಯಕ್ಷರೇ, ನಾಳೆ ಮೈದಾನದಲ್ಲಿ ಏರಲಿರುವ ಬಾವುಟದಲ್ಲಿ ನಾಲ್ಕೂವರೆ ನಕ್ಷತ್ರಗಳಿರಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆ ಅರ್ಧ ನಕ್ಷತ್ರ ಯಾರು? ನಾವು. ಸೊಮಾಲಿಯಾದಲ್ಲಿ ಕುರ್ಚಿ ಹಂಚುವ ಸೂತ್ರ ಹಾಲು ಕುಡಿಯುವ ಕೂಸಿಗೂ ಗೊತ್ತು: ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಮಿಕ್ಕವರೆಲ್ಲ, ಅಂದರೆ ದರ್ಜಿ, ಕಮ್ಮಾರ, ನೇಕಾರ, ಚಮ್ಮಾರ ಎಲ್ಲರೂ ಸೇರಿ ಅರ್ಧ ಪಾಲು. ಕುರ್ಚಿಯಲ್ಲಿ ಅರ್ಧ ಕೂತು ನಮಗೆ ಅಭ್ಯಾಸವಾಗಿದೆ. ಆದರೆ ಆಕಾಶದಲ್ಲೂ ಅರ್ಧವೇ? ಪಡೆದುಬಂದ ಪುಣ್ಯವೆಂದರೆ, ಆ ಅರ್ಧವನ್ನು ಹೊಲಿಯುವ ಕೆಲಸವೂ ಆ ಅರ್ಧದವನ, ಅಂದರೆ ಈ ದರ್ಜಿಯ ಅಂಗಡಿಗೇ ಬಂದಿದೆ! ಇಂಥ ದೃಶ್ಯವನ್ನು ನಾನು ನಟಿಸುತ್ತಿದ್ದ ಕಂಪನಿ ನಾಟಕದಲ್ಲಿ ಬರೆದಿದ್ದರೆ ಪ್ರೇಕ್ಷಕರು "ಇದು ಅತಿಯಾಯ್ತು" ಎಂದು ಎದ್ದು ಹೋಗುತ್ತಿದ್ದರು.

ಈ ಬಾವುಟ ಮೊದಲು ಹೀಗಿರಲಿಲ್ಲ ಎಂಬುದನ್ನು ತಾವು ಮರೆತಿರಬಹುದು. ಅಧಿಕಾರಕ್ಕೆ ಮರೆವು ಒಂದು ಸವಲತ್ತು. ನಾನು ನೆನಪಿಸುತ್ತೇನೆ.

ಹೆಸರು ಬರೆಯದೆ ಚಿತ್ರ ಕಳಿಸಿ, ಆರಿಸಿದ ಚಿತ್ರ ಬರೆದವರೇ ಮೊದಲ ದಿನ ಬಾವುಟದ ಹಗ್ಗ ಎಳೆಯುವರು ಎಂದು ರೇಡಿಯೊದಲ್ಲಿ ಸಾರಿದವರು ತಾವೇ. ನನ್ನ ಹತ್ತೊಂಬತ್ತರ ಮಗಳು ನಸ್ತೀಹೊ ಒಂದು ಚಿತ್ರ ಬರೆದಳು. ಮೇಲೆ ನೀಲಿ, ಕೆಳಗೆ ಮರಳಿನ ಬಣ್ಣ, ನಡುವೆ ಕೊಡೆಯಂತೆ ಹರಡಿದ ಒಂದು ಬಿಳಿ ಜಾಲಿಮರ, ಅಷ್ಟೇ. ಇನ್ನೂರು ಚಿತ್ರಗಳಲ್ಲಿ ತಮ್ಮ ಸಮಿತಿ ಅದನ್ನೇ ಆರಿಸಿತು. "ಇಂಥ ಮರದ ಕೆಳಗೇ ನಮ್ಮಜ್ಜ ಎರಡು ಕುಲಗಳ ಜಗಳ ಬಗೆಹರಿಸಿದ್ದು" ಎಂದು ತಮ್ಮ ಸದಸ್ಯರೊಬ್ಬರು ಕಣ್ಣೊರೆಸಿಕೊಂಡರಂತೆ. ಆಮೇಲೆ ಚಿತ್ರ ಬರೆದವರು ಬರಲೆಂದು ಸಾರಿ ಹುಡುಗಿಯನ್ನು ಕರೆಸಿದಿರಿ. ನಾನೂ ಜೊತೆಗೆ ಬಂದಿದ್ದೆ. ಬಾಗಿಲ ಬಳಿ ನಿಂತಿದ್ದ ಬಿಳಿಗಡ್ಡ ನಾನೇ.

"ಭೇಷ್ ಮಗಳೇ! ಕೈ ಅಂದ್ರೆ ಇದು!" ಅಂದಿರಿ. "ಯಾರ ಪೈಕಿ ನೀನು? ಎಲ್ಲಿ, ಹತ್ತು ತಲೆಮಾರು ಹೇಳು ನೋಡಾಣ."

ನಮ್ಮಲ್ಲಿ ಮಕ್ಕಳು ಅಕ್ಷರಕ್ಕೆ ಮುಂಚೆ ಅಜ್ಜಂದಿರನ್ನು ಕಲಿಯುತ್ತಾರೆ. ಅವಳಿಗೆ ಕಲಿಸಿದವನು ನಾನು, ಅದೂ ರಂಗದ ಮೇಲಿನ ಮಾತಿನ ಹಾಗೆ ಕೊನೆಯ ಸಾಲಿನವರಿಗೂ ಕೇಳುವಂತೆ. ಅವಳು ಎದೆಯೆತ್ತಿ ಶುರು ಮಾಡಿದಳು: "ನಸ್ತೀಹೊ, ಜಿಲಾಲೆ, ಮುಮಿನ್, ಶಿರ್ವಾ, ಬುಲ್ಹಾನ್..." ಐದರವರೆಗೆ ತಾವು ತಲೆದೂಗುತ್ತಿದ್ದಿರಿ. ಈ ಹೆಸರುಗಳು ಯಾರ ಮನೆಯಲ್ಲಾದರೂ ಇದ್ದಾವು. ಆರನೆಯದು ಕಸುಬಿನಿಂದಲೇ ಊರಿಗೆಲ್ಲ ಗೊತ್ತಿರುವ ನಮ್ಮ ಪೂರ್ವಜ ಕಮ್ಮಾರನದು. ಅದು ಬಿದ್ದದ್ದೇ ತಡ, ತುಟಿಗೆ ಹೋಗುತ್ತಿದ್ದ ಚಹಾ ಲೋಟಗಳು ಅರ್ಧದಲ್ಲೇ ನಿಂತವು. ಆ ಹೆಸರನ್ನು ಮುಚ್ಚಲು ನನಗೆ ಒಂದು ಕೆಮ್ಮು ಬಂದಿದ್ದರೆ ಸಾಕಿತ್ತು! ಹದಿನೆಂಟು ವರ್ಷ ರಂಗದ ಮೇಲೆ ಬೇಕೆಂದಾಗ ಕೆಮ್ಮಿದವನಿಗೆ ಅಂದು ಕೆಮ್ಮು ಬರಲಿಲ್ಲ. ಹತ್ತು ಕೇಳಿದರೆ ಹುಡುಗಿ ಹನ್ನೆರಡು ಹೇಳಿ ಮುಗಿಸಿ, ಚಪ್ಪಾಳೆಗೆ ಕಾಯುವವಳ ಹಾಗೆ ನಿಂತಳು.

"ಆಯ್ತು, ತಿಳಿಸ್ತೀವಿ" ಅಂದಿರಿ.

ದಾರಿಯಲ್ಲಿ ಕೇಳಿದಳು: "ಅಪ್ಪಾ, ಎಲ್ಲಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ ಕಣಮ್ಮಾ. ಒಂದು ಹೆಸರೂ ಬಿಡಲಿಲ್ಲ ನೀನು."

ಎಂಟು ದಿನದಲ್ಲಿ ಮರಕ್ಕೆ ರೋಗ ಬಂತು. "ಮರ ಎಲ್ಲ ಕುಲಗಳನ್ನೂ ಸರಿಯಾಗಿ ಪ್ರತಿನಿಧಿಸುವುದಿಲ್ಲ" ಎಂಬುದು ತಮ್ಮ ಪ್ರಕಟಣೆ. ನಿಜ, ಮರ ಅಯೋಗ್ಯ. ಯಾರು ಕೂತರೂ ನೆರಳು ಕೊಡುತ್ತದೆ, ಆರನೆಯ ಹೆಸರು ಯಾವುದೆಂದು ಕೇಳುವುದಿಲ್ಲ! ಮರ ಹೋಗಿ ನಕ್ಷತ್ರಗಳು ಬಂದವು. ನಾಲ್ಕರಲ್ಲಿ ಯಾವುದು ಮೇಲೆ ಎಂದು ಮೂರು ವಾರ ಕಾದಾಡಿದಿರಿ. ಯಾವುದೂ ಮೇಲಾಗದಿರಲೆಂದು ಬಳೆಯಾಕಾರದಲ್ಲಿ ಇಟ್ಟಿರಿ. ಆಗ ಒಬ್ಬ ಹಿರಿಯರು ಒಂದು ನಕ್ಷತ್ರ ಕಂಬಕ್ಕೆ ಹತ್ತಿರವಾಯಿತೆಂದು ಮುನಿಸಿಕೊಂಡು ಎದ್ದು ಹೋದರು. ಕಂಬವನ್ನೇ ಬಾವುಟದ ನಡುವೆ ತೂರಿಸಬಹುದೇ ಎಂದು ಕೇಳಿಸಲು ನನ್ನ ಅಂಗಡಿಗೆ ಆಳು ಕಳಿಸಿದ್ದು ತಾವೇ ಅಲ್ಲವೇ? ನಾನು ನಗಲಿಲ್ಲ. ನಗದೆ ಇರುವುದು ನಟನ ವಿದ್ಯೆಗಳಲ್ಲೆಲ್ಲ ಕಷ್ಟದ್ದು.

ಕೊನೆಗೆ ತಮ್ಮ ಕಾರ್ಯದರ್ಶಿ ಗುಲೇದ್ ಬಟ್ಟೆಯ ಗಂಟು ತಂದ. ಊರೆಲ್ಲ ಅವನನ್ನು 'ಉದ್ದಗಿವಿ' ಎಂದೇ ಕರೆಯುವುದು; ಅವನೂ ಹಾಗೆ ಕರೆದರೇ ತಿರುಗುವುದು.

"ಚಿಕ್ಕಪ್ಪಾ, ಅರ್ಧ ನಕ್ಷತ್ರ ಮೂಲೇಲಿ ಹಾಕ್ಬೇಕಂತೆ. ಕಂಬದಿಂದ ಆಚೆ ತುದಿ, ಕೆಳಗಡೆ."

"ಲೋ ಉದ್ದಗಿವಿ, ನಿಮ್ಮ ಅಧ್ಯಕ್ಷರು ಗಾಳಿ ಕಂಡಿಲ್ವೇನೋ? ಕಡಲ ಗಾಳಿಗೆ ಬಾವುಟ ಮೊದಲು ಹರಿಯೋದೇ ಆ ತುದಿ. ಎರಡೇ ತಿಂಗಳು, ನಮ್ಮ ಅರ್ಧಾನೂ ಹಾರಿ ಸಮುದ್ರಕ್ಕೆ ಹೋಗತ್ತೆ."

"ಹಂಗಂತ ಅಲ್ಲೂ ಒಬ್ರು ಹೇಳಿದ್ರು ಚಿಕ್ಕಪ್ಪಾ."

"ಅದಕ್ಕೆ?"

"'ಹೋದ್ರೆ ಹೋಗ್ಲಿ ಬಿಡಿ' ಅಂದ್ರು."

ಒಳಗಿನಿಂದ ನನ್ನ ಹೆಂಡತಿ ದಹಬೊ ಕೂಗಿದಳು: "ಅಲ್ಲಯ್ಯಾ ಉದ್ದಗಿವಿ, ಬಾವುಟಕ್ಕೆ ವಂದನೆ ಹೆಂಗಪ್ಪಾ ನಾವು ಮಾಡೋದು? ಒಂಟಿಕಾಲಲ್ಲಿ ನಿಂತ್ರೆ ಸಾಕೋ, ಒಂದು ಕಣ್ಣೂ ಮುಚ್ಕೋಬೇಕೋ?"

ಗುಲೇದ್ ಬಾಗಿಲಿಗೆ ನಡೆದ. ಹೋಗುವಾಗ ಇನ್ನೊಂದು ಸುದ್ದಿ ಉದುರಿಸಿ ಹೋದ: ಹಗ್ಗ ಎಳೆಯುವವರು ತಮ್ಮ ತಂಗಿಯ ಮಗ. ಅಂದಿನಿಂದ ನಸ್ತೀಹೊ ಕುಂಚ ಮುಟ್ಟಿಲ್ಲ. ಮೊನ್ನೆ ಪಕ್ಕದ ಮನೆಯ ಪುಟ್ಟಿಗೆ ಅಜ್ಜಂದಿರ ಹೆಸರು ಕಲಿಸುತ್ತಿದ್ದಳು. ಅದೂ ನಮ್ಮ ಪೈಕಿಯ ಮಗುವೇ. ಐದಕ್ಕೆ ನಿಲ್ಲಿಸಿದಳು. "ಮುಂದಿನ್ದು ಅಕ್ಕಾ?" ಎಂದರೆ, "ಸಾಕು, ಇಷ್ಟೇ ಇರೋದು" ಅಂದಳು. ಅಧ್ಯಕ್ಷರೇ, ಬಾವುಟದ ಮಾತು ಹಾಗಿರಲಿ, ಈ ಪತ್ರ ಬರೆಯಿಸಿದ್ದು ಆ ಒಂದು ಮಾತು. ನನ್ನ ಮಗಳು ತನ್ನ ಆರನೆಯ ಹೆಸರಿನ ಅಜ್ಜನನ್ನು ತಾನೇ ಕೊಂದಳು, ಆಯುಧ ತಮ್ಮದು.

ತಮ್ಮ ಪ್ರಮಾಣವಚನದ ಕೋಟು ಹೊಲಿದವನು ನಾನು. ಅದಕ್ಕೆ ನಾಲ್ಕೂವರೆ ಗುಂಡಿ ಹಾಕಿದ್ದೆನೇ? ಒಂದು ತೋಳು ಮೊಣಕೈಗೇ ನಿಲ್ಲಿಸಿದ್ದೆನೇ? ಊರಿನ ಬಾವಿ ತೋಡುವಾಗ ನಮ್ಮವರು ಅರ್ಧ ಆಳಕ್ಕೆ ಇಳಿದು ಮೇಲೆ ಬಂದರೇ? ರಂಗದ ಮೇಲೆ ಹಾಡುವುದು ಕೀಳು ಕೆಲಸವೆಂದು ದೊಡ್ಡ ಮನೆತನದವರು ಬರದೆ ಹೋದಾಗ, ಹದಿನೆಂಟು ವರ್ಷ ಸುಲ್ತಾನನ ಪಾತ್ರ ಮಾಡಿದವನು ಈ ಕಮ್ಮಾರನ ಕುಡಿ. ಆಗ ಮುಂದಿನ ಸಾಲಿನಲ್ಲಿ ಕೂತು, "ದೊರೆ ಅಂದರೆ ಹೀಗಿರಬೇಕು!" ಎಂದು ಚಪ್ಪಾಳೆ ತಟ್ಟಿದವರಲ್ಲಿ ತಮ್ಮ ತೀರ್ಥರೂಪರೂ ಒಬ್ಬರು. ಅವರು ಅರ್ಧ ಚಪ್ಪಾಳೆ ತಟ್ಟಿದ ನೆನಪು ನನಗಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಮರವನ್ನು ಮರಳಿಸಿ. ಅದಾಗದಿದ್ದರೆ ಐದನೆಯ ನಕ್ಷತ್ರ ಇಡಿಯಾಗಿ, ಉಳಿದವುಗಳ ಜೊತೆ ಬಳೆಯೊಳಗೇ ಇರಲಿ. ಎರಡರಲ್ಲಿ ಯಾವುದಾದರೂ ಸರಿ, ಹಗ್ಗ ನಸ್ತೀಹೊಳ ಕೈಗೆ. ರೇಡಿಯೊದಲ್ಲಿ ಆಡಿದ ಮಾತಿಗೆ ಊರೆಲ್ಲ ಸಾಕ್ಷಿ. ನಾಲ್ಕು ನಕ್ಷತ್ರಗಳ ಹೊಲಿಗೆ ಮುಗಿದಿದೆ, ಒಂದೆಳೆ ಅತ್ತಿತ್ತ ಆಗಿಲ್ಲ. ಐದನೆಯದನ್ನೂ ಕತ್ತರಿಸಿಟ್ಟಿದ್ದೇನೆ, ಇಡಿಯಾಗಿ, ಐದು ಮೂಲೆಗಳೊಂದಿಗೆ. ಅರ್ಧ ಮಾಡಲು ನನ್ನ ಕೈ ಏಳಲಿಲ್ಲ, ವಯಸ್ಸಾಯಿತು ಎಂದುಕೊಳ್ಳಿ.

ಆದ್ದರಿಂದ ನಾಳೆ ಬೆಳಿಗ್ಗೆ ಏಳಕ್ಕೆ, ತುತ್ತೂರಿ ಊದುವ ಮೊದಲು, ಬಾವುಟವನ್ನೂ ಆ ಇಡೀ ನಕ್ಷತ್ರವನ್ನೂ ಹಿಡಿದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಂಬದ ಬುಡದಲ್ಲಿರುತ್ತೇನೆ. ಅರ್ಧವೇ ಆಗಬೇಕೆಂದಾದರೆ ಕತ್ತರಿಯನ್ನು ತಮ್ಮ ಕೈಗೆ ಕೊಡುತ್ತೇನೆ. ಎಲ್ಲರೆದುರು, ಅವಳ ಮುಖ ನೋಡುತ್ತಾ, ಎಲ್ಲಿ ಕತ್ತರಿಸಬೇಕೋ ತಾವೇ ಕತ್ತರಿಸಿ.

ಇಂತಿ,
ತಮ್ಮ ಲೆಕ್ಕದಲ್ಲಿ ಅರ್ಧ, ತನ್ನ ಅಮ್ಮನಿಗೆ ಇಡೀ ಮಗ,
ಜಿಲಾಲೆ, ಮುಮಿನ್, ಶಿರ್ವಾ, ಬುಲ್ಹಾನ್, ಮತ್ತು ಕಮ್ಮಾರ ರೋಬ್ಲೆ