ಕಮಾನು ಎಡಕ್ಕಿತ್ತು

ಜೂನ್ 4, ಬೆಳಿಗ್ಗೆ

ಹವಳ ಸಾಕಿದ ಗಾಜಿನ ಮೀನುತೊಟ್ಟಿಗೆ ಆವಿಯಾದಷ್ಟು ಸಿಹಿನೀರು ಸುರಿದೆ. ಉಪ್ಪು ಸರಿ ಇದೆ. ಅಕ್ಕನಿಗೆ ಡ್ರಾಪ್ಸ್ ಹಾಕಿದ್ದಾಯಿತು. ರೆಟಿನಾ ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಗುಳ್ಳೆ ತುಂಬಿದ್ದಾರೆ, ಆವತ್ತಿನಿಂದ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ, ಮಾತು, ಜಗಳ ಎಲ್ಲ ನೆಲ ನೋಡಿಕೊಂಡು. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೇ ಬರೀ ಬೆಳಕು-ನೆರಳು. ಇರುವುದು ಇದೊಂದೇ. ಎಷ್ಟು ಕಾಣುತ್ತದೋ, ಡಾಕ್ಟರ್ ಬಾಯಿ ಬಿಡುತ್ತಿಲ್ಲ.

"ಮೇಸ್ತ್ರಿ ಏನ್ಮಾಡ್ತಿದಾನೆ?"

"ಬಾಯ್ತುಂಬ ಮರಳು ತಗೊಂಡ... ಉಗುಳಿದ."

ಮೇಸ್ತ್ರಿ ಎಂದರೆ ಬೆರಳುದ್ದದ ಮೀನು. ಕಲ್ಲಿನ ಕೆಳಗೆ ಮನೆ ತೋಡುವುದೇ ಕಸುಬು. ಆಪರೇಷನ್ನಿಗೆ ಮುಂಚೆ ಅಕ್ಕನೇ ತಂದು ಬಿಟ್ಟದ್ದು. "ತಲೆ ಎತ್ತಿದ ಮೇಲೆ ಮೊದಲು ಇವನನ್ನೇ ನೋಡೋದು," ಅಂದಿದ್ದಳು.

ಜೂನ್ 6

ತೊಟ್ಟಿಯೊಳಗೆ ನಾನು ಕಲ್ಲು ಜೋಡಿಸಿ ಕಟ್ಟಿದ್ದ ಕಮಾನು ಕುಸಿಯಿತು. ಧಡ್ ಎಂದು.

"ಏನೇ ಅದು?"

"ಕುಕ್ಕರ್ ಬಿತ್ತು."

ನಿಜ ಹೇಳಿದರೆ ತಟ್ಟನೆ ತಲೆ ಎತ್ತಿಬಿಡುತ್ತಾಳೆ. ಎಡಗಡೆ ಗಾಜಿಗೆ ಉದ್ದಕ್ಕೆ ಗೀರು. ಒಡೆದಿಲ್ಲ, ಸದ್ಯ. ಮೇಸ್ತ್ರಿ ಕಾಣುತ್ತಿಲ್ಲ.

ತಪ್ಪು ನನ್ನದೇ. ಲ್ಯಾಬಿನಲ್ಲಿ ದಿನವಿಡೀ ಹಲ್ಲುಸೆಟ್ ಮಾಡುವವಳು. ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುವ ಹಾಗೆ ಕಲ್ಲಿಗೆ ಕಲ್ಲು ಉಜ್ಜಿ ಕೂರಿಸಿದ್ದೆ. ಅಂಟಿಲ್ಲ, ಕಡ್ಡಿಯಿಲ್ಲ ಎಂಬ ಜಂಭ ಬೇರೆ. ಆದರೆ ಮೊದಲು ಮರಳು ಹಾಸಿ, ಅದರ ಮೇಲೆ ಕಟ್ಟಿದ್ದೆ. ವಸಡು ನೋಡಿದೆ, ಮೂಳೆ ನೋಡಲಿಲ್ಲ. ಅವನು ಅಡಿಯ ಮರಳನ್ನೇ ತೆಗೆದುಬಿಟ್ಟ.

ಜೂನ್ 7

ಕಲ್ಲುಗಳನ್ನೆಲ್ಲ ತೊಟ್ಟಿಯ ನೀರು ತುಂಬಿದ ಬಕೆಟ್ಟಿಗೆ ಇಳಿಸಿದೆ. ಮರಳನ್ನೆಲ್ಲ ಕೈಯಾಡಿಸಿ ನೋಡಿದೆ. ಇಲ್ಲ.

"ಇವತ್ತು ಮೇಸ್ತ್ರಿ ಏನಂತಾನೆ?"

"ಯಾಕೋ ಸೋಮಾರಿ. ಸುಮ್ನೆ ಬಿದ್ಕೊಂಡಿದಾನೆ."

"ನನ್ನ ಥರಾನೇ ಅನ್ನು." ನೆಲ ನೋಡಿಕೊಂಡೇ ನಕ್ಕಳು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೀನಿಗಲ್ಲ. ಮೀನಿಗೂ ಹೌದು.

ಜೂನ್ 9, ಮಧ್ಯಾಹ್ನ

ಅತ್ತರೆ ಕಮಾನು ಏಳುವುದಿಲ್ಲ. ಮರಳು ಒಂದು ಕಡೆ ಸರಿಸಿ, ಅಡಿಗಲ್ಲುಗಳನ್ನು ಗಾಜಿನ ತಳದ ಮೇಲೆಯೇ ಕೂರಿಸಿದೆ. ಇನ್ನು ಎಷ್ಟು ಬೇಕಾದರೂ ತೋಡಿಕೊಳ್ಳಲಿ... ಯಾರು ತೋಡಬೇಕು?

ಈ ಸಲ ಕಲ್ಲುಗಳನ್ನು ಹಿಡಿದಿಡಲು ಕಡ್ಡಿ ತೂರಿಸಬೇಕು. ದೊಡ್ಡ ಕಲ್ಲಿನಲ್ಲಿ ಒಂದು ತೂತು ಮೊದಲೇ ಇತ್ತು. ಅದನ್ನೇ ಡ್ರಿಲ್‌ನಲ್ಲಿ ಅಗಲ ಮಾಡಿದರಾಯಿತು ಅಂದುಕೊಂಡೆ. ನೀರು ಸೋರಲಿ ಎಂದು ಕಲ್ಲನ್ನು ಬೋರಲು ಹಿಡಿದು ಕೊಡವಿದೆ. ಆ ತೂತಿನಿಂದಲೇ ಏನೋ ಪುಳಕ್ಕನೆ ಬಕೆಟ್ಟಿಗೆ ಬಿತ್ತು.

ಮೇಸ್ತ್ರಿ! ಒಂದು ರೆಕ್ಕೆ ಹರಿದಿದೆ. ಸಿಟ್ಟು ಮಾತ್ರ ಹಾಗೇ ಇದೆ. ಹೋದ ಜೀವ ಬಂದಂತಾಯಿತು. ಕಿರುಚಿದೆನಂತೆ.

"ಏನಾಯ್ತೇ?"

"ಏನಿಲ್ಲ ಅಕ್ಕಾ, ಮೇಸ್ತ್ರಿ ಕೆಲಸಕ್ಕೆ ಬಂದ!"

"ಸಂಬಳ ಕಟ್ ಮಾಡು."

ಜೂನ್ 10

ಅಕ್ರಿಲಿಕ್ ಕಡ್ಡಿ ತೂರಿಸಿ, ಸಂದಿಗೆಲ್ಲ ಎಪಾಕ್ಸಿ ಪುಟ್ಟಿ ಮೆತ್ತಿದ್ದು ರಾತ್ರಿ ಕಳೆಯುವುದರೊಳಗೆ ಕಲ್ಲಾಗಿದೆ. ಗೀರು ಬಿದ್ದ ಕಡೆ ಭಾರ ಬೇಡವೆಂದು ಕಮಾನನ್ನು ಬಲಕ್ಕೆ ತಂದೆ. ಎರಡೂ ಕೈಯಲ್ಲಿ ಅಲುಗಾಡಿಸಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮರಳು ಸುರಿದು ಮೇಸ್ತ್ರಿಯನ್ನು ಬಿಟ್ಟೆ. ಬಿಟ್ಟ ತಕ್ಷಣ ತೋಡಲು ಶುರು, ಬುದ್ಧಿ ಬಂದಿಲ್ಲ.

ಜೂನ್ 12

ಅಕ್ಕ ಇನ್ನು ತಲೆ ಎತ್ತಬಹುದು ಎಂದರು ಡಾಕ್ಟರ್. ನೇರ ತೊಟ್ಟಿಯ ಮುಂದೆ ಬಂದು ಕೂತಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ.

"ಬರೀ ಮಂಜು ಕಣೇ."

ಕಣ್ಣೊಳಗೆ ತುಂಬಿದ ಗಾಳಿಗುಳ್ಳೆ ಕರಗಬೇಕಲ್ಲ, ನಿಧಾನ ಎಂದೆ. ನನಗೇ ಹೇಳಿಕೊಂಡಂತಿತ್ತು.

ಜೂನ್ 27, ಸಂಜೆ

ಬಟ್ಟೆ ಮಡಚುತ್ತಿದ್ದೆ.

"ಏ, ಕಮಾನು ಎಡಕ್ಕಿತ್ತಲ್ವೇನೇ?"

ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು.

"ಬಲಕ್ಕೆ ಹೇಗೆ ಬಂತು? ಈ ಗೀರು ಯಾವಾಗ ಬಿತ್ತು? ಕುಕ್ಕರ್ ಬಿತ್ತು ಅಂದ್ಯಲ್ಲ ಆವತ್ತು... ಅಯ್ಯೋ ಸುಳ್ಳಿ! ಇವನ ರೆಕ್ಕೆಗೇನಾಯ್ತು? ಅಷ್ಟು ದಿನ ನನಗೆ ಕಥೆ ಹೇಳ್ತಿದ್ಯಾ?"

ಬೈದಳು. ಕಲ್ಲು ಕಲ್ಲನ್ನೂ ತೋರಿಸಿ ತೋರಿಸಿ ಬೈದಳು. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತೇ ಇರಲಿಲ್ಲ. ಬೈ ಅಕ್ಕಾ, ಇನ್ನೂ ಬೈ ಎಂದುಕೊಂಡು ನಿಂತೆ.

"ಅದಕ್ಕೆ ಯಾಕೆ ಅಳ್ತಿದೀಯ?" ಅಂದಳು. ಕೋಣೆಯ ಆ ತುದಿಯಿಂದ.

ಈಗ ಮತ್ತೆ ಕರೆಯುತ್ತಿದ್ದಾಳೆ. ಮೇಸ್ತ್ರಿ ಬಾಯ್ತುಂಬ ಮರಳು ತಗೊಂಡನಂತೆ. ಇವತ್ತು ಅವಳೇ ನೋಡಿ ಹೇಳುತ್ತಾಳಂತೆ, ನಾನು ಕಣ್ಣು ಮುಚ್ಚಿಕೊಂಡು ಕೇಳಬೇಕಂತೆ. ಬಂದೆ ಅಕ್ಕಾ, ಬಂ—