ಓರೆಯಾಗಿ ಎಳೆದು ನೋಡದ ಕಂಬಗಳು

ಕಡಲು ಒಳಬಂದ ನೂರ ಏಳನೆಯ ವರ್ಷ, ಮೇ ಮೂವತ್ತೆರಡು
ಮರಳಕೋಡಿ

ಈ ದಂಡೆಯಲ್ಲಿ ಜೆಟ್ಟಿ ಕಟ್ಟಲು ಹೊರಟಿರುವ ಎಂಜಿನಿಯರರೇ,

ನಿಮಗಿಂತ ನೂರಕ್ಕೂ ಹೆಚ್ಚು ವರ್ಷ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲವೆಂದು ಗೊತ್ತು. ಮಳೆ ಬರುವವರೆಗೂ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾವು ಕಂಬಗಳ ಮೇಲೆ ಬದುಕುವವರು. ಭರತ ಬಂದು ಕಡಲು ಏರಿದಾಗ ಅಡುಗೆಮನೆಯ ಕಿಂಡಿಯಿಂದಲೇ ಮೀನು ಹಿಡಿಯುತ್ತೇವೆ, ನೆರೆಮನೆಗೆ ಸಾರು ಕೊಡಲು ದೋಣಿ ಹತ್ತುತ್ತೇವೆ. ಮಳೆಗಾಲಕ್ಕೆ ಮುಂಚೆ ನಮಗೊಂದು ಓರೆದಿನವಿದೆ. ಅಂದು ಊರಿನವರೆಲ್ಲ ಸೇರಿ ಪ್ರತಿ ಮನೆಯ ಕಂಬಕ್ಕೂ ಹಗ್ಗ ಬಿಗಿದು, ದೋಣಿಯಲ್ಲಿ ಕೂತು ಓರೆಯಾಗಿ ಜಗ್ಗುತ್ತೇವೆ. ಕಂಬ ಮಿಸುಕಿದರೆ ಆ ಮನೆಯಲ್ಲಿ ಆ ಸಂಜೆ ಒಲೆ ಹೊತ್ತಿಸುವಂತಿಲ್ಲ. ಎಲ್ಲರೂ ಹೊರಬೀಳಬೇಕು.

ನಿಮ್ಮ ಜೆಟ್ಟಿ ಈಗ ನಮ್ಮ ಹೆರಿಗೆ ಮನೆ. ಅದರ ಪೈಲ್‌ಗಳ, ಅಂದರೆ ಮರಳಿಗೆ ಹೂತ ಕಂಬಗಳ ಮೇಲೆ ನೀವು ಮರಳಿನ ಮೂಟೆ ಪೇರಿಸಿ, ಕುಸಿಯಲಿಲ್ಲವೆಂದು ಹಾರ ಹಾಕಿ ಚಪ್ಪಾಳೆ ತಟ್ಟಿದಿರಂತೆ. ನಿಜ, ಇವತ್ತಿಗೂ ಅವು ಒಂದಿಂಚೂ ಕುಸಿದಿಲ್ಲ. ಆದರೆ ಸ್ವಾಮಿ, ಕಡಲಿನಲ್ಲಿ ನೆಟ್ಟಗೆ ಮೇಲಿನಿಂದ ಅದುಮುವವರು ಯಾರು? ಗಾಳಿ ಓರೆ, ಸೆಳೆತ ಓರೆ, ಕಟ್ಟಿದ ದೋಣಿಯ ಜಗ್ಗಾಟವೂ ಓರೆ. ಅಂಥ ಎಳೆತಕ್ಕೆ ಕಂಬವನ್ನು ಹಿಡಿದುಕೊಳ್ಳುವುದು ಹೆಚ್ಚಾಗಿ ಮೇಲ್ಭಾಗದ ಮರಳು. ನೀರು ಮೊದಲು ಕೊಚ್ಚಿಕೊಂಡು ಹೋಗುವುದೂ ಅದನ್ನೇ. ಉಳಿದ ಮರಳು ಒಂದೊಂದು ಅಲುಗಾಟಕ್ಕೂ ಸಡಿಲವಾಗಿ, ಕಂಬ ಹಾಲುಹಲ್ಲಿನಂತೆ ಆಡತೊಡಗುತ್ತದೆ. ನಕ್ಷೆಯಲ್ಲಿ ಈ ಓರೆ ಎಳೆತ ತಡೆಯಲೆಂದೇ ಒಂದಷ್ಟು ವಾಲಿದ ಪೈಲ್‌ಗಳೂ ಇದ್ದವು, ಉದ್ಘಾಟನೆಯ ಫೋಟೋದಲ್ಲಿ ಸೊಟ್ಟಗೆ ಕಾಣುತ್ತವೆಂದು ತೆಗೆಸಿದಿರಿ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅಂದಕ್ಕಾಗಿ! ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ನಿನ್ನೆ ಓರೆದಿನ. ಹೆರಿಗೆ ಮನೆಯ ಕಂಬ ಮಿಸುಕಿತು. ಒಳಗೆ ತುಂಬು ಬಸುರಿ ಜಲಜಾಕ್ಷಿ ಮಲಗಿದ್ದಳು, ನನ್ನ ಸೊಸೆ. ದೋಣಿಗೆ ಹೊರಡು ಎಂದಾಗ ಅವಳು ಅಳಲಿಲ್ಲ, ನನ್ನ ಕೈ ಹಿಡಿದು ಕೇಳಿದಳು: “ಅತ್ತೆ, ದೋಣಿಯಂಗ್ ಹೆರುದ್ ಹ್ಯಾಂಗೆ?” ಕಂಬ ಮಿಸುಕಿದ ಮನೆಗಳವರೂ ಸೇರಿ ಉಳಿದ ಮನೆಗಳಲ್ಲಿ ಆಗಲೇ ಕಾಲಿಡಲು ಜಾಗವಿಲ್ಲದಷ್ಟು ಜನ. ಚಾಪೆ, ಬಿಸಿನೀರಿನ ಹಂಡೆ, ಹಳೆ ಸೀರೆಗಳ ಸಮೇತ ಅವಳನ್ನು ದೋಣಿಗೆ ಇಳಿಸಿದೆವು.

ನೀವು ಇದನ್ನು ಓದುವ ಕಾಲದಲ್ಲಿ ನಿಮ್ಮ ಪೈಲ್‌ಗಳು ಇನ್ನೂ ಮರಳಿಗೆ ಇಳಿದಿಲ್ಲ. ಬೇಕಾದಷ್ಟು ಮೂಟೆ ಹೇರಿ, ಬೇಡವೆನ್ನುವುದಿಲ್ಲ. ಆಮೇಲೆ ಒಂದು ಹಗ್ಗ ಕಟ್ಟಿ, ಕಡಲಿನ ಕಡೆಗೆ ಓರೆಯಾಗಿ ಎಳೆಯಿರಿ. ಬುಡದ ಮರಳನ್ನು ಒಂದಾಳುದ್ದ ತೆಗೆಸಿ ಮತ್ತೆ ಎಳೆಯಿರಿ. ವಾಲಿದ ಕಂಬಗಳನ್ನು ನಕ್ಷೆಗೆ ವಾಪಸು ತನ್ನಿ. ನಗುವವರು ನಗಲಿ.

ಜಲಜಾಕ್ಷಿಗೆ ನೋವು ಶುರುವಾಗಿದೆ, ಗಾಳಿಯೂ ಎದ್ದಿದೆ. ದೋಣಿಯನ್ನು ಕಟ್ಟಲು ನಂಬುವಂಥ ಒಂದು ಕಂಬವೂ ಹತ್ತಿರದಲ್ಲಿಲ್ಲ. ಊರಿನವರು ಎದೆಮಟ್ಟದ ನೀರಿಗಿಳಿದು ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದಾರೆ. ನಾನೂ ಇಳಿಯುತ್ತೇನೆ.

ಗಿರಿಜಾ ಮರಕಾಲ್ತಿ